ಲ.ಸಾ.ಅ. ಮತ್ತು ನಾಲ್ಕು ಗಂಟೆಯ ಸಂಗೀತ

ಥಲಸೀಮಿಯಾ ಮೇಜರ್ ಇರುವವರ ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸುವುದಿಲ್ಲ. ನನ್ನ ಗೆಳೆಯನಿಗೆ ಅದಿದೆ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತ ಹಾಕಿಸಿಕೊಳ್ಳಬೇಕು, ಸುಮಾರು ನಾಲ್ಕು ಗಂಟೆ ಮಲಗಿರಬೇಕು. ನಾನೇ ರಕ್ತ ಕೊಡೋಣವೆಂದರೆ ನಿಯಮದ ಪ್ರಕಾರ 18 ತುಂಬಿರಬೇಕು, ನನಗೆ 17. ಹಾಡಾದರೂ ಕೇಳು ಎಂದೆ. "ಒಂದೊಂದು ಹಾಡು ಮುಗಿದಾಗಲೂ ಇನ್ನೆಷ್ಟು ಹೊತ್ತು ಎಂದು ಲೆಕ್ಕ ಹಾಕುವಂತಾಗುತ್ತದೆ, ಬೇಡ" ಎಂದ.

ಹಾಗಾದರೆ ಮುಗಿಯದ ಸಂಗೀತ ಇದೆಯೇ? ಹುಡುಕಿದಾಗ ಸಿಕ್ಕಿದ ಹೆಸರು ಇಂಗ್ಲೆಂಡಿನ ಬ್ರಯಾನ್ ಈನೋ. 1975ರ ಆರಂಭದಲ್ಲಿ ಅಪಘಾತವಾಗಿ ಅವರು ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿ ಜೂಡಿ ನೈಲಾನ್ ಹಾರ್ಪ್ ವಾದನದ ಒಂದು ರೆಕಾರ್ಡ್ ತಂದುಕೊಟ್ಟರು. ಈನೋ ಬರೆದಿರುವಂತೆ, ಅದನ್ನು ಹಾಕಿ ಮಲಗಿದ ಮೇಲೆ ಸದ್ದು ತೀರಾ ಕಡಿಮೆಯೆಂದು ತಿಳಿಯಿತು. ಎದ್ದು ಸರಿಪಡಿಸುವಷ್ಟು ಶಕ್ತಿ ಇರಲಿಲ್ಲ. ಮಳೆಯೊಂದಿಗೆ ಬೆರೆತು ಕೇಳಿದ ಆ ಸಂಗೀತ ಹೊಸದೆನಿಸಿತು. ಅದೇ ವರ್ಷ ಅವರು 'ಡಿಸ್ಕ್ರೀಟ್ ಮ್ಯೂಸಿಕ್' ಮಾಡಿದರು. ಬೇರೆ ಬೇರೆ ಉದ್ದದ ಎರಡು ಸಣ್ಣ ಸ್ವರಗುಚ್ಛಗಳು ಅರ್ಧ ಗಂಟೆ ತಿರುಗಿ ತಿರುಗಿ ಬರುತ್ತವೆ. ಮೊದಲ ಸಲ ಕೇಳಿದರೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಮಲಗಿರುವವನಿಗೆ ಅದೇ ಅನುಕೂಲ.

ಗುಟ್ಟು ಇರುವುದು ಹೈಸ್ಕೂಲಿನ ಲ.ಸಾ.ಅ. ಲೆಕ್ಕದಲ್ಲಿ. 10 ಮತ್ತು 15 ಸೆಕೆಂಡಿನ ಎರಡು ತುಣುಕುಗಳು ಒಟ್ಟಿಗೆ ಶುರುವಾದರೆ 30 ಸೆಕೆಂಡಿಗೇ ಮತ್ತೆ ಒಟ್ಟಾಗುತ್ತವೆ, ಕಿವಿ ಅದನ್ನು ಬೇಗ ಹಿಡಿಯುತ್ತದೆ. 11 ಮತ್ತು 13 ಆದರೆ 143 ಸೆಕೆಂಡು ಬೇಕು. ಆದ್ದರಿಂದ ಅವಿಭಾಜ್ಯ ಸಂಖ್ಯೆಗಳೇ ಒಳ್ಳೆಯವು.

ನಮ್ಮ ಮನೆಯಲ್ಲಿ ವಾದ್ಯಗಳಿಗೆ ಜಾಗವಿಲ್ಲ. ಮಳೆಗೂ ಲೋಟಕ್ಕೂ ಮಾತ್ರ ಯಾರೂ ತಕರಾರು ಮಾಡಲಿಲ್ಲ. ತಗಡಿನ ಮೇಲಿನ ಮಳೆ 11 ಸೆಕೆಂಡು, ಸ್ಟೀಲ್ ಲೋಟದ ಗುಂಯ್ ಸದ್ದು 13, ಗೆಳೆಯನ ಅಮ್ಮಿಯ ಹೊಲಿಗೆ ಯಂತ್ರ 17. ಎಲ್ಲವನ್ನೂ ಮೊಬೈಲಿನಲ್ಲೇ ಹಿಡಿದು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿದೆ. ಈ ಮೂರು ಒಟ್ಟಾಗಲು 2,431 ಸೆಕೆಂಡು, ಅಂದರೆ 40 ನಿಮಿಷ 31 ಸೆಕೆಂಡು. ಸಾಲದು. ಅವನಿಂದಲೇ 19 ಸೆಕೆಂಡು ಗುನುಗಿಸಿ ಸೇರಿಸಿದೆ. ಈಗ ನಾಲ್ಕೂ ಮತ್ತೆ ಒಟ್ಟಾಗುವುದು 12 ಗಂಟೆ 49 ನಿಮಿಷ 49 ಸೆಕೆಂಡಿಗೆ. ರಕ್ತದ ಚೀಲ ಅದಕ್ಕೂ ಎಷ್ಟೋ ಮೊದಲೇ ಖಾಲಿ.

ಇದರಿಂದ ಹಿಮೋಗ್ಲೋಬಿನ್ ಏರುವುದಿಲ್ಲ, ರಕ್ತ ಬೇಕೇ ಬೇಕು. ಎರಡು ಸಲ ಕೇಳಿದ್ದಾನೆ, ಒಮ್ಮೆ ನಿದ್ದೆ ಹೋದನಂತೆ. ಹೊಲಿಗೆ ಯಂತ್ರ ಮಾತ್ರ ತೆಗೆದುಬಿಡು, ಮನೆ ನೆನಪಾಗುತ್ತದೆ ಎಂದಿದ್ದಾನೆ. ಆ ಜಾಗಕ್ಕೆ 23 ಸೆಕೆಂಡಿನ ಫ್ಯಾನ್ ಸದ್ದು ಹಾಕಿ ನೋಡುತ್ತಿದ್ದೇನೆ.