ಅಚ್ಯುತಾಪುರಂಗೆ ಹೋಗ್ತಿದ್ದೀರಾ? ನೆಟ್ ಹಾಕಿಸೋ ಮೊದಲು ಇಷ್ಟು ಓದಿ

ಹೋದ ವಾರ ಬಳ್ಳಾರಿಯಲ್ಲಿ ನಮ್ಮ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಮಗನಿಗೆ ಅಚ್ಯುತಾಪುರಂನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಮಕ್ಕಳ ಜೊತೆ ಹೊರಟಿದ್ದಾನೆ. "ಟೀಚರಮ್ಮಾ, ನಿಮ್ಮ ಅಕ್ಕ ಅಲ್ಲೇ ಇದ್ದಾರಲ್ಲ, ಅಲ್ಲಿ ಯಾವ ಕಂಪನಿ ನೆಟ್ ಚೆನ್ನಾಗಿದೆ ಸ್ವಲ್ಪ ಹೇಳಿ" ಅಂದರು. ಒಂದು ಹೆಸರು ಹೇಳಿ ಫೋನ್ ಇಟ್ಟುಬಿಡಬಹುದಿತ್ತು. ಆದರೆ ಆಪಾ ಮನೆಯಲ್ಲಿ ಮೂರು ವರ್ಷದಲ್ಲಿ ಮೂರು ಕನೆಕ್ಷನ್ ಬದಲಾಯಿಸಿದ ಮೇಲೆ ನನಗೆ ಅರ್ಥವಾದದ್ದು, ಒಂದೇ ಹೆಸರು ಆ ಊರಿನ ಎಲ್ಲ ಬೀದಿಗೂ ಉತ್ತರ ಆಗಲ್ಲ ಅನ್ನೋದು. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನ ಇಲ್ಲಿ ಪೂರ್ತಿಯಾಗಿ ಬರೀತಿದ್ದೇನೆ. ನಿಮ್ಮ ಮನೆಯವರೂ ಆ ಕಡೆ ಹೋಗುವವರಿದ್ದರೆ ಉಪಯೋಗಕ್ಕೆ ಬರಬಹುದು.

ಊರಿನ ಬಗ್ಗೆ ಮೊದಲು ಎರಡು ಮಾತು. ಅಚ್ಯುತಾಪುರಂ ವಿಶಾಖಪಟ್ಟಣದಿಂದ ಸುಮಾರು 40 ಕಿಲೋಮೀಟರ್. ವಿಶೇಷ ಆರ್ಥಿಕ ವಲಯ ಬಂದು, ಬ್ರಾಂಡಿಕ್ಸ್ ಬಟ್ಟೆ ಕಾರ್ಖಾನೆಗಳು, ಔಷಧಿ ಕಾರ್ಖಾನೆಗಳು ಬಂದು, ಹಳ್ಳಿ ಇದ್ದದ್ದು ಊರಾಗಿದೆ, ಊರು ಪಟ್ಟಣವಾಗ್ತಿದೆ. ಗದ್ದೆಯ ಪಕ್ಕದಲ್ಲೇ ಮೂರು ಮಹಡಿಯ ಬಾಡಿಗೆ ಮನೆಗಳು ಎದ್ದಿವೆ. 2022ರ ಏಪ್ರಿಲ್‌ವರೆಗೆ ಇದು ವಿಶಾಖಪಟ್ಟಣ ಜಿಲ್ಲೆಯಲ್ಲಿತ್ತು, ಈಗ ಅನಕಾಪಲ್ಲಿ ಜಿಲ್ಲೆ. ಇದನ್ನ ಯಾಕೆ ಹೇಳಿದೆ ಅಂದರೆ, ಕಂಪನಿಗಳ ಜಾಹೀರಾತಿನಲ್ಲಿ "ವಿಶಾಖಪಟ್ಟಣದಲ್ಲಿ ಲಭ್ಯ" ಅಂತ ಇರುತ್ತೆ. ಅದನ್ನ ನಂಬಿ ಅಚ್ಯುತಾಪುರಂನಲ್ಲೂ ಸಿಗುತ್ತೆ ಅಂದುಕೊಂಡರೆ ಮೋಸ ಹೋಗ್ತೀರಿ. ನಗರದಲ್ಲಿ ಸಿಗೋದಕ್ಕೂ ನಿಮ್ಮ ಬೀದಿಯ ಕಂಬದವರೆಗೆ ತಂತಿ ಬಂದಿರೋದಕ್ಕೂ ಬಹಳ ದೂರ.

ನಮಗೆ ನೆಟ್ ಯಾಕೆ ಬೇಕಿತ್ತು ಅನ್ನೋದನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗಲ್ಲ. ಆಪಾ ಮಗಳಿಗೆ ಈಗ ಒಂಬತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು. ಮನೆಯಲ್ಲಿ ಉರ್ದು ಮಾತಾಡ್ತಾಳೆ, ಓದಲಿಕ್ಕೆ ಬರಲ್ಲ. ಕನ್ನಡ ಕಲಿಸೋರು ಅಲ್ಲಿ ಯಾರಿದ್ದಾರೆ? ಹಾಗಾಗಿ ವಾರಕ್ಕೆ ನಾಲ್ಕು ಸಂಜೆ ವಿಡಿಯೋ ಕಾಲ್‌ನಲ್ಲಿ ನಾನೇ ಅವಳಿಗೆ ಕನ್ನಡ, ಉರ್ದು ಎರಡೂ ಕಲಿಸ್ತೀನಿ. ಮಗ್ರಿಬ್ ಆದ ಮೇಲೆ ಅರ್ಧ ಗಂಟೆ ಊರಿನ ಹಾಫಿಜ್ ಸಾಹೇಬರ ಹತ್ತಿರ ಕುರ್‌ಆನ್ ಓದು, ಅದೂ ಆನ್‌ಲೈನೇ.

ಮೊದಲನೇ ಕನೆಕ್ಷನ್ "100 ಎಂಬಿಪಿಎಸ್" ಅಂತ ಕೊಟ್ಟಿದ್ದರು. ಭಾವ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ ತೋರಿಸಿದರು, 90ರ ಮೇಲೇ ಬರ್ತಿತ್ತು. ಸಿನಿಮಾ ಎಲ್ಲೂ ನಿಲ್ಲದೆ ಓಡ್ತಿತ್ತು. ಆದರೆ ಪಾಠ ಶುರುವಾದರೆ ಹುಡುಗಿಯ ಧ್ವನಿ ಒಡೆದು ಬರೋದು. ಅವಳು "ಕಣ್ಣು" ಅಂದಳೋ "ಕನ್ನು" ಅಂದಳೋ ನನಗೆ ಗೊತ್ತಾಗ್ತಿರಲಿಲ್ಲ. ಹಾಫಿಜ್ ಸಾಹೇಬರದ್ದೂ ಅದೇ ದೂರು. ಸೀನ್ ಹೇಳ್ತಿದ್ದಾಳೋ ಸ್ವಾದ್ ಹೇಳ್ತಿದ್ದಾಳೋ ಕೇಳಿಸ್ತಿಲ್ಲ, ತಪ್ಪು ಉಚ್ಚಾರಣೆ ತಿದ್ದೋದು ಹೇಗೆ ಅಂದರು. ಉಚ್ಚಾರಣೆ ಕೇಳಿಸದಿದ್ದರೆ ಪಾಠ ಮಾಡಿ ಏನು ಪ್ರಯೋಜನ?

ಕಾರಣ ಏನು ಅಂದರೆ, ಕಂಪನಿಯವರು ಹೇಳುವ 100 ಡೌನ್‌ಲೋಡ್ ವೇಗ. ಅಂದರೆ ಹೊರಗಿನಿಂದ ನಿಮ್ಮ ಮನೆಗೆ ಬರೋದು. ಮಗು ಮಾತಾಡಿದ್ದು ಮನೆಯಿಂದ ಹೊರಗೆ ಹೋಗಬೇಕು, ಅದು ಅಪ್‌ಲೋಡ್. ಸ್ಪೀಡ್ ಟೆಸ್ಟ್‌ನಲ್ಲಿ ಎರಡನೇ ಅಂಕಿಯನ್ನ ಯಾರೂ ನೋಡಲ್ಲ. ನಾವೂ ನೋಡಿರಲಿಲ್ಲ. ನೋಡಿದಾಗ ಸಂಜೆ ಹೊತ್ತು ಒಂದಕ್ಕೂ ಕಡಿಮೆ ಇತ್ತು. ಚೆನ್ನಾದ ವಿಡಿಯೋ ಕಾಲ್‌ಗೆ ಎರಡೂ ಕಡೆ ಎರಡು ಮೂರು ಎಂಬಿಪಿಎಸ್ ಇದ್ದರೆ ಸಾಕು, ಆದರೆ ಅದು ಏರಿಳಿತ ಇಲ್ಲದೆ ಇರಬೇಕು. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಸ್ಪೀಡ್?" ಅಲ್ಲ, "ಅಪ್‌ಲೋಡ್ ಎಷ್ಟು?" ಜಿಯೋದವರು 2020ರಲ್ಲಿ 399 ರೂಪಾಯಿಗೆ 30 ಎಂಬಿಪಿಎಸ್ ಯೋಜನೆ ತಂದಾಗ ಅಪ್‌ಲೋಡೂ ಅಷ್ಟೇ ಅಂತ ಹೇಳಿದ್ದರು. ಹಾಗೆ ಎರಡೂ ಸಮ ಇರುವ 30, ಒಂದು ಕಡೆ ಮಾತ್ರ ಇರುವ 100ಕ್ಕಿಂತ ಪಾಠಕ್ಕೆ ಮೇಲು.

ಈಗ ಕಂಪನಿಗಳಿಗೆ ಬರೋಣ. ಆಂಧ್ರದಲ್ಲಿ ನಮ್ಮ ಕಡೆ ಇಲ್ಲದ್ದು ಒಂದಿದೆ, ಸರ್ಕಾರದ್ದೇ ಎಪಿ ಫೈಬರ್‌ನೆಟ್. 2017ರ ಡಿಸೆಂಬರ್ 27ರಂದು ಆಗಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಉದ್ಘಾಟಿಸಿದರು. ತಿಂಗಳಿಗೆ 149 ರೂಪಾಯಿಗೆ ಇಂಟರ್ನೆಟ್, ಟಿವಿ, ಫೋನ್ ಮೂರೂ ಅಂತ ಶುರುವಾದಾಗ ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಅಷ್ಟು ಅಗ್ಗಕ್ಕೆ ಹೇಗೆ ಸಾಧ್ಯವಾಯ್ತು ಅಂದರೆ, ನೆಲ ಅಗೆಯದೆ ಕರೆಂಟ್ ಕಂಬಗಳ ಮೇಲೇ ಸುಮಾರು 24,000 ಕಿಲೋಮೀಟರ್ ಫೈಬರ್ ಎಳೆದರು. ಕಂಬದಿಂದ ಮನೆಗೆ ಕೊಡುವ ಕೆಲಸ ಊರಿನ ಕೇಬಲ್ ಟಿವಿಯವರಿಗೆ ಬಿಟ್ಟರು. ಈಗಿನ ದರ ಹಳೇ 149 ಅಂದುಕೊಂಡು ಹೋಗಬೇಡಿ, ಕೇಬಲ್‌ನವರ ಹತ್ತಿರ ಕೇಳಿಕೊಳ್ಳಿ. ಬೇರೆ ಯಾರ ತಂತಿಯೂ ಹೋಗದ ಹಳ್ಳಿಗೂ ಕರೆಂಟ್ ಕಂಬ ಹೋಗಿರುತ್ತೆ, ಅದು ಇದರ ಬಲ.

ಬಲಹೀನತೆಯೂ ಅದೇ ಕಂಬ. ಇದು ಸಮುದ್ರದ ದಂಡೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೇ ನೇರವಾಗಿ ಬಂದು ಬಡಿದಾಗ ಸಾವಿರಾರು ಕಂಬ ಉರುಳಿ, ಎಷ್ಟೋ ದಿನ ಕರೆಂಟೂ ಇಲ್ಲ ಫೋನೂ ಇಲ್ಲ ಅನ್ನುವ ಹಾಗಾಗಿತ್ತು. ಕಂಬ ಬಿದ್ದರೆ ತಂತಿಯೂ ಬೀಳುತ್ತೆ. ಖಾಸಗಿಯವರ ತಂತಿಯೂ ಊರೊಳಗೆ ಬಹಳ ಕಡೆ ಕಂಬದ ಮೇಲೇ ಹೋಗುತ್ತೆ, ಹಾಗಾಗಿ ಈ ಒಂದು ವಿಷಯದಲ್ಲಿ ಯಾರನ್ನೂ ಹೊಗಳೋ ಹಾಗಿಲ್ಲ.

ಬಿಎಸ್‌ಎನ್‌ಎಲ್ ಬಗ್ಗೆ ನಮ್ಮಲ್ಲಿ ಹಳೇ ಅಭಿಪ್ರಾಯ ಇದೆ, ತಾಮ್ರದ ತಂತಿ ಕಾಲದ್ದು. ಈಗ ಅವರೂ ಫೈಬರ್ ಕೊಡ್ತಾರೆ, ಆದರೆ ಸಣ್ಣ ಊರುಗಳಲ್ಲಿ ಮನೆವರೆಗಿನ ಕೆಲಸ ಸ್ಥಳೀಯ ಪಾಲುದಾರರದ್ದು. ಆ ಪಾಲುದಾರ ಚುರುಕಾಗಿದ್ದರೆ ಬಿಎಸ್‌ಎನ್‌ಎಲ್ ಚುರುಕು, ಅವನು ಮಲಗಿದರೆ ಅದೂ ಮಲಗಿತು. ಏರ್‌ಟೆಲ್, ಜಿಯೋ ಎರಡೂ ವಿಶಾಖಪಟ್ಟಣ, ವಿಜಯವಾಡದಲ್ಲಿ ಚೆನ್ನಾಗಿ ಹರಡಿವೆ. ನಮ್ಮ ಬೆಂಗಳೂರಲ್ಲಿ ಹುಟ್ಟಿದ ಆಕ್ಟ್ ಕೂಡ ಆ ಎರಡು ನಗರಗಳಲ್ಲಿದೆ. ಅಚ್ಯುತಾಪುರಂ ಮಟ್ಟಿಗೆ ಇವು ಯಾವ ಬೀದಿಗೆ ಬಂದಿವೆ ಅನ್ನೋದು ಆರು ತಿಂಗಳಿಗೊಮ್ಮೆ ಬದಲಾಗುತ್ತೆ. ಮನೆ ಬಾಡಿಗೆಗೆ ಮುಂಗಡ ಕೊಡುವ ಮೊದಲು ಆ ಮನೆಯ ಲೊಕೇಶನ್ ಕಳಿಸಿ, "ಇಲ್ಲಿಗೆ ಫೈಬರ್ ಕೊಡ್ತೀರಾ, ಎಷ್ಟು ದಿನದಲ್ಲಿ?" ಅಂತ ಕೇಳಿ. "ನೋಡ್ತೀವಿ ಮೇಡಂ" ಅಂದರೆ ಇಲ್ಲ ಅಂತಲೇ ತಿಳ್ಕೊಳ್ಳಿ.

ತಂತಿ ಇಲ್ಲದ ಮನೆಗೆ ಏರ್‌ಫೈಬರ್ ಅಂತ ಒಂದು ಬಂದಿದೆ. ಏರ್‌ಟೆಲ್, ಜಿಯೋ ಇಬ್ಬರೂ 2023ರಲ್ಲಿ ಶುರು ಮಾಡಿದರು. ಮಾಳಿಗೆ ಮೇಲೆ ಒಂದು ಪೆಟ್ಟಿಗೆ ಇಡ್ತಾರೆ, ಅದು 5ಜಿ ಟವರ್‌ನಿಂದ ಸಿಗ್ನಲ್ ತೊಗೊಂಡು ಮನೆಗೆ ವೈಫೈ ಕೊಡುತ್ತೆ. ಹೆಸರಲ್ಲಿ ಫೈಬರ್ ಇದ್ದರೂ ನಿಮ್ಮ ಮನೆಗೆ ಫೈಬರ್ ಬರಲ್ಲ. ವರ್ಷಕ್ಕೊಂದು ಮನೆ ಬದಲಾಯಿಸುವ ಬಾಡಿಗೆದಾರರಿಗೆ ಅನುಕೂಲ. ಆದರೆ ಟವರ್ ಎಲ್ಲರದ್ದು. ಸಂಜೆ ಶಿಫ್ಟ್ ಬಿಟ್ಟು ಸಾವಿರಾರು ಜನ ರೂಮಿಗೆ ಬಂದು ಫೋನ್ ಹಿಡಿದರೆ ನಿಮ್ಮ ಪಾಲು ಸಣ್ಣದಾಗುತ್ತೆ.

ಫೈಬರ್‌ನಲ್ಲೂ ಪಾಲು ಇದ್ದೇ ಇದೆ, ಇದನ್ನ ಯಾರೂ ಹೇಳಲ್ಲ. ಸಾಮಾನ್ಯವಾಗಿ ಒಂದು ಫೈಬರ್‌ನಲ್ಲಿ ಸುಮಾರು 2,500 ಎಂಬಿಪಿಎಸ್ ಬರುತ್ತೆ, ಬೀದಿಯ ಪೆಟ್ಟಿಗೆಯಲ್ಲಿ ಅದನ್ನ 32 ಅಥವಾ 64 ಮನೆಗೆ ಹಂಚ್ತಾರೆ. 64 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೆ ಮನೆಗೆ 39 ಬಂತು. ಹಾಗೆ ಆಗೋದು ಅಪರೂಪ, ಆದ್ದರಿಂದಲೇ ಕಂಪನಿಯವರ ಲೆಕ್ಕ ನಡೀತಿದೆ. ನೀವು ಮಾಡಬೇಕಾದದ್ದು ಇಷ್ಟೇ: ಪಕ್ಕದ ಮನೆಯಲ್ಲಿ ಅದೇ ಕಂಪನಿ ಇದ್ದರೆ, ಅವರನ್ನ ಕೇಳಿ, ರಾತ್ರಿ ಒಂಬತ್ತಕ್ಕೆ ಒಂದು ಸ್ಪೀಡ್ ಟೆಸ್ಟ್ ಮಾಡಿ ನೋಡಿ. ಬೆಳಿಗ್ಗೆ ಹನ್ನೊಂದರ ಟೆಸ್ಟ್ ನಂಬಬೇಡಿ.

"ಅನ್‌ಲಿಮಿಟೆಡ್" ಅನ್ನೋದೂ ಲೆಕ್ಕವೇ. ಫೈಬರ್‌ನ ಹಲವು ಯೋಜನೆಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ, ಏರ್‌ಫೈಬರ್‌ನಲ್ಲಿ ಸಾಮಾನ್ಯವಾಗಿ 1,000 ಜಿಬಿ. ಒಂದು ಗಂಟೆ ಎಚ್‌ಡಿ ವಿಡಿಯೋಗೆ 3 ಜಿಬಿ ಹಿಡಿದರೆ 3,300 ಅಂದರೆ 1,100 ಗಂಟೆ. ತಿಂಗಳಿಗೆ ಇರೋದೇ 720 ಗಂಟೆ, ಚಿಂತೆ ಬೇಡ. 1,000 ಜಿಬಿ ಅಂದರೆ ಮನೆಯವರೆಲ್ಲ ಸೇರಿ ದಿನಕ್ಕೆ 11 ಗಂಟೆ. ಟಿವಿ ಬೆಳಿಗ್ಗೆಯಿಂದ ಹಚ್ಚಿಡುವ ಮನೆಗೆ ಇದು ಸಾಲದೆ ಹೋಗಬಹುದು. ಇನ್ನು ಬೋರ್ಡಿನ ಮೇಲಿನ 399ಕ್ಕೆ 18% ಜಿಎಸ್‌ಟಿ ಸೇರಿದರೆ ಕೈಬಿಡೋದು ಸುಮಾರು 471. ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ ಜೋಡಣೆ ಉಚಿತ ಅಂತಾರೆ. ಆ ಆಸೆಗೆ ಬೀಳಬೇಡಿ, ಸಾಧ್ಯವಾದರೆ ಮೊದಲು ಒಂದು ತಿಂಗಳು ನೋಡಿ.

ನಾವು ಬಿದ್ದೆವು, ಅದಕ್ಕೇ ಹೇಳ್ತಿರೋದು. ಎರಡನೇ ಕನೆಕ್ಷನ್‌ಗೆ ಆರು ತಿಂಗಳ ಮುಂಗಡ ಕಟ್ಟಿದ ಇಪ್ಪತ್ತನೇ ದಿನಕ್ಕೆ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕಲು ಶುರುವಾಯ್ತು. ಆ ಕೆಂಪು ದೀಪದ ಪಕ್ಕ ಎಲ್‌ಓಎಸ್ ಅಂತ ಇದ್ದರೆ ಬೆಳಕು ಬರ್ತಿಲ್ಲ, ಹೊರಗೆಲ್ಲೋ ತಂತಿ ತುಂಡಾಗಿದೆ ಅಥವಾ ಮನೆಯೊಳಗೇ ಬೀರುವಿನ ಹಿಂದೆ ಮಡಚಿಹೋಗಿದೆ ಅಂತ ಅರ್ಥ. ಮೊದಲು ಬೀರುವಿನ ಹಿಂದೆ ನೋಡಿ, ಆಮೇಲೆ ದೂರು ಕೊಡಿ. ನಮ್ಮದು ಹೊರಗಡೆಯದು, ಲಾರಿಗೆ ಸಿಕ್ಕಿ ಹರಿದಿತ್ತು. ಒಂಬತ್ತು ದಿನ ಯಾರೂ ಬರಲಿಲ್ಲ. ನಡುವೆ ಎರಡು ಸಲ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಮೆಸೇಜ್ ಬಂತು. ಆಪಾ ಹರಿದ ತಂತಿಯ ಫೋಟೋ ತೆಗೆದು ನನಗೆ ಕಳಿಸಿದಳು, ಕೆಳಗೆ ಬರೆದಿದ್ದಳು: "ದೇಖ್, ಪರಿಹಾರ ಲಟಕ್ ರಹಾ ಹೈ."

ಇಂಥಾ ಹೊತ್ತಿಗೆ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರು ಕೇಂದ್ರದಲ್ಲಿ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಕೊಡಬೇಕು. ನಾನೇ ಇಲ್ಲಿಂದ ಮೇಲ್ಮನವಿ ಬರೆದೆ. ಮೂರನೇ ದಿನಕ್ಕೆ ಏಣಿ ಹಿಡ್ಕೊಂಡು ಹುಡುಗ ಬಂದ. ಪಾಪ, ಅವನದೇನೂ ತಪ್ಪಿರಲಿಲ್ಲ, ಇಡೀ ಮಂಡಲಕ್ಕೆ ಅವನೊಬ್ಬನೇ ಇದ್ದನಂತೆ.

ಮೂರನೇ ಸಲ ನಾವು ಕಂಪನಿಯ ಹೆಸರೇ ನೋಡಲಿಲ್ಲ. ಆಪಾ ಇರುವ ಬೀದಿಯಲ್ಲಿ ತಂತಿ ಹರಿದರೆ ರಿಪೇರಿ ಮಾಡುವ ಹುಡುಗ ಎಲ್ಲಿರ್ತಾನೆ ಅಂತ ವಿಚಾರಿಸಿದೆವು. ಒಬ್ಬ ಎರಡು ಬೀದಿ ಆಚೆ ಸಿಕ್ಕ. ಅವನು ಯಾವ ಕಂಪನಿಗೆ ಕೆಲಸ ಮಾಡ್ತಾನೋ ಅದನ್ನೇ ಹಾಕಿಸಿದೆವು. ವೇಗ ಮೊದಲಿನ ಅರ್ಧ, ದರ ಸ್ವಲ್ಪ ಜಾಸ್ತಿ. ಒಂದೂವರೆ ವರ್ಷದಲ್ಲಿ ಪಾಠ ತಪ್ಪಿದ್ದು ಮೂರು ಸಂಜೆ. ಜೊತೆಗೆ ಕರೆಂಟ್ ಹೋದರೂ ರೂಟರ್ ನಡೆಯಲಿ ಅಂತ ಒಂದು ಸಣ್ಣ ಯುಪಿಎಸ್ ತಂದಿಟ್ಟಿದ್ದಾರೆ.

ಇನ್ನೊಂದು ಮಾತು, ಮನೆಯ ನೆಟ್ ಒಂದು ಕಂಪನಿಯದಾದರೆ ಫೋನಿನ ಸಿಮ್ ಇನ್ನೊಂದರದ್ದು ಇರಲಿ. 2024ರ ಆಗಸ್ಟ್ 21ರಂದು ಅಚ್ಯುತಾಪುರಂನ ಔಷಧಿ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 17 ಜನ ತೀರಿಕೊಂಡರು. ಟಿವಿಯಲ್ಲಿ ಊರಿನ ಹೆಸರಷ್ಟೇ ಬರ್ತಿತ್ತು. ಭಾವ ಇರೋದು ಬೇರೆ ಕಾರ್ಖಾನೆ, ಆದರೆ ನಮ್ಮ ಅಮ್ಮಿಗೆ ಅದೆಲ್ಲ ಎಲ್ಲಿ ಗೊತ್ತು? ಕೆಲಸದ ಜಾಗದಲ್ಲಿ ಫೋನ್ ಲಾಕರ್‌ನಲ್ಲಿಡಬೇಕು, ಹಾಗಾಗಿ ಅವರ ನಂಬರ್ ಹತ್ತಲಿಲ್ಲ. ಆಪಾ ಮೊಬೈಲ್‌ಗೂ ಕಾಲ್ ಹೋಗಲಿಲ್ಲ. ಕೊನೆಗೆ ಮನೆಯ ವೈಫೈ ಮೇಲೆ ವಾಟ್ಸಾಪ್‌ನಲ್ಲಿ ಸಿಕ್ಕಳು. ಎರಡೂ ಒಂದೇ ಕಂಪನಿಯದಾಗಿದ್ದರೆ ಅಮ್ಮಿ ಆ ದಿನ ಸಂಜೆವರೆಗೆ ತಸ್ಬೀಹ್ ಹಿಡಿದು ಕೂತೇ ಇರ್ತಿದ್ದರು.

2025ರ ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣದ ಸುತ್ತ 1,500 ಕೋಟಿ ಡಾಲರ್ ಹಾಕುವ ಡೇಟಾ ಕೇಂದ್ರ ಘೋಷಿಸಿದೆ. ಸಮುದ್ರದಡಿಯ ಕೇಬಲ್ ಕೂಡ ಅಲ್ಲಿ ದಡ ಮುಟ್ಟಲಿದೆಯಂತೆ. ಜಾಗಗಳಲ್ಲಿ ಒಂದು ರಾಂಬಿಲ್ಲಿ, ಆಪಾ ಊರಿನ ಪಕ್ಕದ್ದೇ. ಇನ್ನು ನೆಟ್ ಹಾರಾಡುತ್ತೆ ಅಂತ ಭಾವ ಖುಷಿಯಲ್ಲಿದ್ದಾರೆ. ಸಮುದ್ರದ ಕೇಬಲ್ ಬಂದರೂ ಮನೆ ಮುಂದಿನ ಕಂಬದ ತಂತಿ ಲಾರಿಗೆ ಸಿಗೋದು ತಪ್ಪಲ್ಲ ಭಾವ, ಅಂದೆ.

ಫೋನ್ ಮಾಡಿದವರ ಮಗ ನಿನ್ನೆ ಅಚ್ಯುತಾಪುರಂ ಮುಟ್ಟಿದ್ದಾನೆ. ನೋಡಿದ ಮನೆಯ ಎದುರಿನ ಕಂಬದ ಫೋಟೋ ಕಳಿಸಿದ್ದಾನೆ. ಎರಡು ಕಂಪನಿಯ ಪೆಟ್ಟಿಗೆ ಕಾಣಿಸ್ತಿವೆ, ಒಂದರ ಮುಚ್ಚಳ ಕಿತ್ತು ನೇತಾಡ್ತಿದೆ. ಇವತ್ತು ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯವರನ್ನ ಕೇಳಿ ಟೆಸ್ಟ್ ಮಾಡು, ಎರಡನೇ ಅಂಕಿ ನೋಡಿ ಹೇಳು ಅಂದಿದ್ದೇನೆ.