ಸಾಮೂಹಿಕ ಭೋಜನ ಮತ್ತು ಸೀಲಿಯಾಕ್ ಕಾಯಿಲೆ: ಸದಸ್ಯರು ಗಮನಿಸಬೇಕಾದ ಅಂಶಗಳು

ಜಾತ್ರೆಯ ಅನ್ನಸಂತರ್ಪಣೆ, ಶಾಲೆಯ ಬಿಸಿಯೂಟ, ಅಂಗನವಾಡಿ, ಸಮುದಾಯ ಭವನದ ಮದುವೆ, ಇವುಗಳಲ್ಲಿ ಎಲ್ಲರಿಗೂ ಒಂದೇ ಅಡುಗೆ. ಆದರೆ ಸೀಲಿಯಾಕ್ ಕಾಯಿಲೆಯುಳ್ಳವರು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಸೇವಿಸಿದರೆ ಅವರ ಸಣ್ಣ ಕರುಳಿಗೆ ಹಾನಿಯಾಗುತ್ತದೆ. ಮಕ್ಕಳ ಬೆಳವಣಿಗೆ ಕುಂಠಿತವಾಗಬಹುದು, ರಕ್ತಹೀನತೆ ಉಂಟಾಗಬಹುದು. ಗ್ಲುಟೆನ್ ಅನ್ನು ಜೀವನಪರ್ಯಂತ ವರ್ಜಿಸುವುದೇ ಚಿಕಿತ್ಸೆ.

ಸೋಸಲೆ ಭಾಗದ ಅನ್ನ, ರಾಗಿಮುದ್ದೆಗಳಲ್ಲಿ ಸ್ವಭಾವತಃ ಗ್ಲುಟೆನ್ ಇಲ್ಲ. ಅಪಾಯವಿರುವುದು ಬೆರಕೆಯಲ್ಲಿ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ, ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದರೆ, ಉಪ್ಪಿಟ್ಟಿನ ಸೌಟನ್ನೇ ಅನ್ನಕ್ಕೆ ಬಳಸಿದರೆ ಗ್ಲುಟೆನ್ ಸೇರುತ್ತದೆ. ಒಗ್ಗರಣೆಯ ಇಂಗಿನ ಪುಡಿಯಲ್ಲಿಯೂ ಗೋಧಿಹಿಟ್ಟು ಇರುವುದುಂಟು. "ಸ್ವಲ್ಪ ತಿಂದರೇನಾಗುತ್ತದೆ" ಎಂಬ ಮಾತು ಸಲ್ಲದು. ಎಫ್‌ಎಸ್‌ಎಸ್‌ಎಐ ನಿಯಮದಂತೆ "ಗ್ಲುಟೆನ್ ರಹಿತ" ಎಂದು ಮುದ್ರಿಸುವ ಆಹಾರದಲ್ಲಿ ಕಿಲೋಗ್ರಾಂಗೆ 20 ಮಿಲಿಗ್ರಾಂ ಗ್ಲುಟೆನ್ ಮೀರುವಂತಿಲ್ಲ.

ಆದ್ದರಿಂದ ತಮ್ಮ ವಾರ್ಡಿನ ಸಾಮೂಹಿಕ ಊಟಗಳಲ್ಲಿ ಈ ಕ್ರಮಗಳನ್ನು ಪಾಲಿಸುವಂತೆ ತಿಳಿಹೇಳಲು ಕೋರಿದೆ:

1. ಇಂಥವರಿದ್ದಾರೆಯೇ ಎಂದು ಅಡುಗೆಗೆ ಮುನ್ನವೇ ವಿಚಾರಿಸುವುದು.
2. ಅವರ ಅನ್ನ, ಸಾರುಗಳನ್ನು ಇಂಗಿಲ್ಲದೆ, ತೊಳೆದ ಬೇರೆ ಪಾತ್ರೆ, ಸೌಟುಗಳಲ್ಲಿ ಮೊದಲೇ ಸಿದ್ಧಪಡಿಸಿ ಮುಚ್ಚಿಡುವುದು.
3. ಅವರ ರಾಗಿಯನ್ನು ಗೋಧಿ ಬೀಸದ ಗಿರಣಿಯಲ್ಲಿ ಬೀಸಿಸುವುದು.
4. ಪದೇ ಪದೇ ಭೇದಿಯಾಗಿ ತೂಕ ಏರದ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ರಕ್ತಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಿದರೆ ಕಾಯಿಲೆ ಪತ್ತೆಯಾಗದಿರಬಹುದು.

ಇದಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ. ಬೇರೆ ಪಾತ್ರೆ, ಬೇರೆ ಸೌಟು ಮತ್ತು ಬಡಿಸುವವರ ಎಚ್ಚರಿಕೆ ಸಾಕು. ಪಂಕ್ತಿಯಲ್ಲಿ ಯಾವ ಮಗುವೂ ಬರಿ ಎಲೆಯ ಮುಂದೆ ಕುಳಿತಿರಬಾರದು.