ಬಾಯಿಬಿಡದ ಮಾತು

ನಮ್ಮ ಮನೆಗೆ ವಾರಪತ್ರಿಕೆ ಬಂದ ದಿನ ಅದನ್ನು ಮೊದಲು ಕೈಗೆತ್ತಿಕೊಳ್ಳುವ ಹಕ್ಕು ನನ್ನ ತಾಯಿಯವರದು. ಅವರು ಕನ್ನಡಕ ಏರಿಸಿಕೊಂಡು ಧಾರಾವಾಹಿಯ ಪುಟವನ್ನು ಬಿಡಿಸಿದರೆಂದರೆ ಒಲೆಯ ಮೇಲಿನ ಹಾಲನ್ನು ನಾವೇ ನೋಡಿಕೊಳ್ಳಬೇಕು. ಓದಿ ಮುಗಿಸಿದ ಮೇಲೆ ಕೆಲವು ವಾರ, “ಈ ಹುಡುಗ ಬಾಯಿಬಿಟ್ಟು ಒಂದು ಮಾತು ಹೇಳಬಾರದೇ!” ಎಂದು ಪೇಚಾಡುತ್ತಾರೆ. ಮತ್ತೆ ಕೆಲವು ವಾರ, “ಬರೆಯುವವನಿಗೆ ಕೆಲಸವಿಲ್ಲ, ಸುಮ್ಮನೆ ಎಳೆಯುತ್ತಾನೆ” ಎಂದು ಪತ್ರಿಕೆಯನ್ನು ಮಡಚಿಡುತ್ತಾರೆ.

ಈ ಎರಡು ಮಾತುಗಳ ನಡುವಣ ಅಂತರವನ್ನು ನಾನು ಬಹುದಿನ ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದವಳು ನನ್ನ ವಿದ್ಯಾರ್ಥಿನಿಯೊಬ್ಬಳು. ತಾನು ಬರೆದ ಕಾದಂಬರಿಯ ಹಸ್ತಪ್ರತಿಯನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಓದಿ ನೋಡಿ ಸಾರ್” ಎಂದಳು. ಭಾಷೆ ಚೆನ್ನಾಗಿತ್ತು. ನಾಯಕ ನಾಯಿಕೆಯರು ಎರಡನೆಯ ಅಧ್ಯಾಯದಲ್ಲೇ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆಮೇಲೆ ಹುಡುಗಿಯ ಸೋದರಮಾವನೊಬ್ಬ ಅವರ ಕಾಗದಗಳನ್ನು ಕದ್ದು ಬಚ್ಚಿಡುವುದಕ್ಕೆ ಮೊದಲುಮಾಡಿದ. ಮುಂದಿನ ಹದಿನೈದು ಅಧ್ಯಾಯಗಳಲ್ಲಿ ಅವನಿಗೆ ಅದೇ ಕೆಲಸ. ಕೊನೆಗೆ ಅವನ ಪೆಟ್ಟಿಗೆ ತೆರೆಯಿತು, ಮದುವೆಯಾಯಿತು. ಓದುತ್ತ ನನಗೆ ಆಕಳಿಕೆ ಬಂದದ್ದು ನಿಜ. ಆದರೆ ಏಕೆ ಬಂದಿತು? ಪ್ರೇಮಿಗಳನ್ನು ಅಗಲಿಸಿ ಕಾಯಿಸದ ಕಥೆಗಾರನುಂಟೆ?

ಕಾಯಿಸುವುದು ಹೊಸ ಉಪಾಯವೇನೂ ಅಲ್ಲ. ನಮ್ಮ ಆಲಂಕಾರಿಕರು ಶೃಂಗಾರವನ್ನು ಸಂಭೋಗ, ವಿಪ್ರಲಂಭ ಎಂದು ಎರಡಾಗಿ ವಿಂಗಡಿಸಿದರು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ವಿಪ್ರಲಂಭಕ್ಕೆ ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕು ಬಗೆಗಳನ್ನು ಹೇಳುತ್ತಾನೆ. ಕೂಡುವುದಕ್ಕೆ ಮುಂಚಿನ ಹಂಬಲ, ಮುನಿಸು, ದೂರದೇಶದ ಅಗಲಿಕೆ, ಸಾವಿನ ನೆರಳಿನ ಅಗಲಿಕೆ—ಇಷ್ಟರಲ್ಲಿ ಇಂದಿನ ಧಾರಾವಾಹಿಗಳೆಲ್ಲ ಅಡಗಿಬಿಡುತ್ತವೆ! ಆದರೆ ಬಗೆಯನ್ನು ಬಲ್ಲ ಮಾತ್ರಕ್ಕೆ ಕಥೆ ಬರುವುದಿಲ್ಲ. ತಡವು ಎಲ್ಲಿಂದ ಹುಟ್ಟಿತು ಎಂಬುದೇ ಮುಖ್ಯ.

ಶಕುಂತಲೆಯ ಕಥೆಯನ್ನೇ ನೋಡಿ. ಮಹಾಭಾರತದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ತುಂಬಿದ ಸಭೆಗೆ ಮಗನೊಡನೆ ಬಂದ ಶಕುಂತಲೆಯನ್ನು ದುಷ್ಯಂತನು ಬಲ್ಲನು. ಬಲ್ಲವನಾದರೂ ಲೋಕಾಪವಾದಕ್ಕೆ ಅಂಜಿ ಅರಿಯೆನೆನ್ನುತ್ತಾನೆ. ಅಶರೀರವಾಣಿ ಸಾಕ್ಷಿ ನುಡಿದ ಮೇಲೆ ಸ್ವೀಕರಿಸುತ್ತಾನೆ. ಶಾಪವನ್ನೂ ಉಂಗುರವನ್ನೂ ತಂದವನು ಕಾಳಿದಾಸ. ಶಾಪವೆಂಬುದು ಹೊರಗಿನಿಂದ ಬಂದೆರಗಿದ ವಿಘ್ನವಲ್ಲವೇ ಎಂದು ಕೇಳಬಹುದು. ಆದರೆ ಆ ಶಾಪ ತಗಲಿದ್ದು ಏಕೆ? ಪತಿಯ ಚಿಂತೆಯಲ್ಲಿ ಮೈಮರೆತು ಕುಳಿತವಳಿಗೆ ಬಾಗಿಲಲ್ಲಿ ನಿಂತ ದುರ್ವಾಸರ ದನಿ ಕೇಳಿಸಲಿಲ್ಲ. ಆಕೆಯ ಒಲವೇ ಆಕೆಯನ್ನು ಅಗಲಿಕೆಗೆ ನೂಕಿತು. ಏಳನೆಯ ಅಂಕದಲ್ಲಿ ಸಿಂಹದ ಮರಿಯೊಡನೆ ಆಡುವ ಮಗನನ್ನು ಕಂಡು ಎದೆ ಕರಗಿದ ದುಷ್ಯಂತನು, ಮೊದಲನೆಯ ಅಂಕದಲ್ಲಿ ಬೇಟೆಗೆ ಬಂದ ದುಷ್ಯಂತನಲ್ಲ. ತಡವು ಅವನನ್ನು ಬೇರೆಯ ಮನುಷ್ಯನನ್ನಾಗಿ ಮಾಡಿತ್ತು.

ಇದಕ್ಕಿಂತಲೂ ಹತ್ತಿರದಿಂದ, ಕಥೆಗಾರನ ಕೋಣೆಯೊಳಕ್ಕೇ ಇಣುಕಿದಂತೆ, ಈ ಕುಶಲತೆಯನ್ನು ಕಾಣಬೇಕಾದರೆ ಇಂಗ್ಲೆಂಡಿನ ಜೇನ್ ಆಸ್ಟೆನ್ನಳ ಕೊನೆಯ ಕಾದಂಬರಿ ‘ಪರ್ಸುಯೇಷನ್’ ಅನ್ನು ನೋಡಬೇಕು. ಆನ್ ಎಲಿಯಟ್ ಹತ್ತೊಂಬತ್ತರ ಹುಡುಗಿಯಾಗಿದ್ದಾಗ ನೌಕಾದಳದ ವೆಂಟ್‌ವರ್ತ್‌ನಿಗೆ ಮಾತು ಕೊಟ್ಟು, ಹಿರಿಯರೊಬ್ಬರ ಬುದ್ಧಿವಾದಕ್ಕೆ ತಲೆಬಾಗಿ ಅದನ್ನು ಮುರಿದಿದ್ದಳು. ಎಂಟು ವರ್ಷಗಳ ತರುವಾಯ ಅವನು ಹಣವಂತನಾಗಿ ಮರಳುತ್ತಾನೆ. ಮನಸ್ಸಿನಲ್ಲಿ ಹಳೆಯ ಸಿಟ್ಟು ಆರಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕು, ಒಂದೇ ಮೇಜಿನಲ್ಲಿ ಉಣ್ಣಬೇಕು. ಮನಸ್ಸಿನ ಮಾತನ್ನು ಮಾತ್ರ ಆಡುವಂತಿಲ್ಲ. ಇಲ್ಲಿ ಕಾಗದ ಕದಿಯುವ ಸೋದರಮಾವನ ಅಗತ್ಯವೇ ಇಲ್ಲ. ಅವನ ಅಭಿಮಾನ, ಅವಳ ಪಶ್ಚಾತ್ತಾಪ, ಇವೆರಡೇ ಸಾಕು.

ಆದರೂ ಕಥೆ ನಿಂತಲ್ಲಿ ನಿಲ್ಲುವುದಿಲ್ಲ. ಕಾಯಿಲೆಯ ಮಗುವಿನ ಆರೈಕೆಯಲ್ಲಿರುವ ಆನ್‌ಳ ಬೆನ್ನಿಗೆ ಇನ್ನೊಂದು ತುಂಟ ಮಗು ಜೋತುಬಿದ್ದಾಗ, ವೆಂಟ್‌ವರ್ತ್ ಒಂದು ಮಾತೂ ಆಡದೆ ಬಂದು ಅದನ್ನು ಬಿಡಿಸಿ ಎತ್ತಿಕೊಳ್ಳುತ್ತಾನೆ. ಇನ್ನೊಂದು ದಿನ ನಡೆದು ದಣಿದ ಅವಳನ್ನು ಗಮನಿಸಿ, ತನ್ನ ಅಕ್ಕಭಾವಂದಿರ ಗಾಡಿಗೆ ಹತ್ತಿಸುತ್ತಾನೆ. ಮತ್ತೊಂದು ದಿನ ಪರಪುರುಷನೊಬ್ಬ ಅವಳನ್ನು ಮೆಚ್ಚಿ ನೋಡಿದ್ದನ್ನು ಕಂಡು, ತಾನೂ ಅವಳನ್ನು ಹೊಸದಾಗಿ ನೋಡುತ್ತಾನೆ. ಪ್ರತಿಯೊಂದು ಸಲವೂ ಓದುಗನಿಗೆ ಒಂದು ಹೊಸ ಸಂಗತಿ ತಿಳಿಯುತ್ತದೆ. ಇಬ್ಬರೂ ಒಂದು ಹೆಜ್ಜೆ ಸಮೀಪಿಸುತ್ತಾರೆ. ಆದರೆ ಬಾಗಿಲು ತೆರೆಯುವುದಿಲ್ಲ.

ಈಗ ಮುಖ್ಯ ಸಂಗತಿಗೆ ಬರೋಣ. 1816ರ ಜುಲೈಯಲ್ಲಿ ಆಸ್ಟೆನ್ ಈ ಕಾದಂಬರಿಗೆ ಒಂದು ಮುಕ್ತಾಯವನ್ನು ಬರೆದಳು. ಅದರಲ್ಲಿ ವೆಂಟ್‌ವರ್ತ್‌ನ ಭಾವ ಅಡ್ಮಿರಲ್ ಕ್ರಾಫ್ಟ್ ಬೀದಿಯಲ್ಲಿ ಸಿಕ್ಕಿದ ಆನ್‌ಳನ್ನು ಮನೆಯೊಳಕ್ಕೆ ಕರೆತರುತ್ತಾನೆ. ಅವಳು ಬೇರೊಬ್ಬನನ್ನು ವರಿಸಲಿರುವಳೆಂಬ ಸುದ್ದಿ ಅವನ ಕಿವಿಗೆ ಬಿದ್ದಿದೆ. ನಿಜವೇ ಎಂದು ಕೇಳುವ ಕೆಲಸವನ್ನು ವೆಂಟ್‌ವರ್ತ್‌ನಿಗೇ ಒಪ್ಪಿಸುತ್ತಾನೆ. ಇವನು ಕೇಳುತ್ತಾನೆ, ಅವಳು ಇಲ್ಲವೆನ್ನುತ್ತಾಳೆ. ಅಷ್ಟರಲ್ಲೇ ಎಲ್ಲವೂ ಇತ್ಯರ್ಥವಾಗುತ್ತದೆ. ಬರೆದವಳಿಗೆ ಇದು ಒಪ್ಪಿಗೆಯಾಗಲಿಲ್ಲ. ಆರೋಗ್ಯ ಕೆಡುತ್ತಿದ್ದ ದಿನಗಳವು. ಮರುವರ್ಷದ ಜುಲೈ 18ರಂದು ಆಕೆ ತೀರಿಕೊಂಡಳು. ಆದರೂ ಬರೆದುದನ್ನು ತಳ್ಳಿಹಾಕಿ, ಕೆಲವೇ ವಾರಗಳಲ್ಲಿ ಬೇರೆ ಅಧ್ಯಾಯಗಳನ್ನು ಬರೆದಳು. ಕೈಬಿಟ್ಟ ಹಾಳೆಗಳು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಹೊಸ ಬರಹದಲ್ಲಿ ಏನಾಯಿತು? ಹೋಟೆಲಿನ ಕೋಣೆಯೊಂದರಲ್ಲಿ ಹಲವರು ನೆರೆದಿದ್ದಾರೆ. ವೆಂಟ್‌ವರ್ತ್ ಮೇಜಿನ ಮುಂದೆ ಕುಳಿತು ಕಾಗದ ಬರೆಯುತ್ತಿದ್ದಾನೆ. ಕಿಟಕಿಯ ಬಳಿ ಆನ್ ಅವನ ಗೆಳೆಯನೊಡನೆ, ಗಂಡಿನ ಪ್ರೀತಿ ಸ್ಥಿರವೋ ಹೆಣ್ಣಿನದೋ ಎಂದು ಚರ್ಚಿಸುತ್ತಿದ್ದಾಳೆ. ವೆಂಟ್‌ವರ್ತ್‌ನ ಲೇಖನಿ ಕೆಳಗೆ ಬೀಳುತ್ತದೆ. ಅವನಿಗೆ ಕೇಳಿಸಿತೇ? ಅವನು ಹೊರಟುಹೋಗುತ್ತಾನೆ, ಕೈಗವಸು ಮರೆತವನಂತೆ ಮರಳಿ ಬಂದು, ಹಾಳೆಗಳಡಿಯಿಂದ ಒಂದು ಕಾಗದವನ್ನು ತೆಗೆದು ಆನ್‌ಳ ಮುಂದಿಟ್ಟು ಹೋಗುತ್ತಾನೆ. ಎಂಟು ವರ್ಷಗಳ ಮಾತು ಆ ಕಾಗದದಲ್ಲಿದೆ.

ಮೊದಲನೆಯ ಮುಕ್ತಾಯದಲ್ಲಿ ಬಾಗಿಲು ತೆರೆದವನು ಮೂರನೆಯವನು. ಎರಡನೆಯದರಲ್ಲಿ ಯಾರೂ ತಳ್ಳದೆ, ಮೌನಕ್ಕೆ ಕಾರಣರಾದವರೇ ಮೌನವನ್ನು ಮುರಿದರು. ಅವಳು ತನ್ನ ಮನಸ್ಸನ್ನು ಇನ್ನೊಬ್ಬನ ಮುಂದೆ ಹೇಳಿದಳು. ಅವನು ಅಭಿಮಾನವನ್ನು ಬಿಟ್ಟು ಲೇಖನಿ ಹಿಡಿದನು. ತಡಕ್ಕೆ ಏನು ಕಾರಣವೋ ಅದೇ ಕರಗಿ ಮಿಲನವಾಗಬೇಕೆಂಬುದನ್ನು ಆಸ್ಟೆನ್ ಕಂಡುಕೊಂಡಳು. ನನ್ನ ತಾಯಿಯವರ ಎರಡು ಮಾತುಗಳ ಅರ್ಥವೂ ಇಷ್ಟೇ. ಪಾತ್ರದ ಮೇಲೆ ಓದುಗರಿಗೆ ಸಿಟ್ಟು ಬಂದರೆ ತಡವು ಸಾರ್ಥಕ. ಕಥೆಗಾರನ ಮೇಲೆ ಬಂದರೆ ವ್ಯರ್ಥ.

ಇದನ್ನೆಲ್ಲ ನನ್ನ ವಿದ್ಯಾರ್ಥಿನಿಗೆ ಹೇಳಿದಾಗ ಆಕೆ ಒಂದು ಒಳ್ಳೆಯ ಪ್ರಶ್ನೆ ಹಾಕಿದಳು: “ನಮ್ಮಲ್ಲಿ ಹೆಣ್ಣು ನೋಡಲು ಬಂದು, ಉಪ್ಪಿಟ್ಟು ಕಾಫಿ ಮುಗಿಯುವುದರೊಳಗೆ ಮದುವೆ ನಿಶ್ಚಯವಾಗುತ್ತೆ ಸಾರ್. ಇಲ್ಲಿ ಒಲವಿಗೆ ಕಾಯುವ ಕಾಲ ಎಲ್ಲಿದೆ?”

“ನೋಡಮ್ಮ,” ಎಂದೆ, “ಶಕುಂತಲೆ ಕಾದದ್ದು ಗಾಂಧರ್ವ ವಿವಾಹವಾದ ಮೇಲೆ, ಆನ್ ಕಾದದ್ದು ಮಾತು ಮುರಿದ ಮೇಲೆ. ಒಂದೇ ಮನೆಯಲ್ಲಿದ್ದು ತಿಂಗಳುಗಟ್ಟಲೆ ಒಬ್ಬರನ್ನೊಬ್ಬರು ಹೆಸರಿಡಿದು ಕರೆಯಲಾರದ ಹೊಸ ದಂಪತಿಗಳನ್ನು ನೀನು ಕಂಡಿಲ್ಲವೇ? ಮದುವೆ ಒಂದು ಗಂಟೆಯಲ್ಲಿ ನಿಶ್ಚಯವಾಗಬಹುದು. ಮನಸ್ಸು ಹಾಗೆ ಆಗುತ್ತದೆಯೇ?”

ಆಕೆ ಹಸ್ತಪ್ರತಿಯನ್ನು ಹಿಂದಕ್ಕೆ ಒಯ್ದಳು. ಎರಡು ತಿಂಗಳ ಮೇಲೆ ತಂದಾಗ ಸೋದರಮಾವ ಮಾಯವಾಗಿದ್ದ. ಈಗ ಕಾಗದಗಳು ಸರಿಯಾಗಿ ನಾಯಿಕೆಯ ಕೈಸೇರುತ್ತಿದ್ದವು. ಆದರೆ ತಂದೆಯಿಲ್ಲದ ಮನೆಯಲ್ಲಿ ತಂಗಿಯ ಮದುವೆಯಾಗುವವರೆಗೆ ಉತ್ತರ ಬರೆಯಲು ಅವಳಿಗೆ ಮನಸ್ಸೊಪ್ಪದು. ತನಗಾಗಿ ಕಾದಿರೆಂದು ಅವನನ್ನು ಕೇಳಲು ಸಂಕೋಚ. ಆ ಭಾಗವನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ತಾಯಿಯವರು ಅದನ್ನು ಓದಿ ಮುಗಿಸಿದ್ದರು.

“ಮುಂದಿನದು ಎಲ್ಲಿದೆಯೋ?” ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ, “ಈ ಹುಡುಗಿ ಒಂದು ಸಾಲು ಬರೆಯಬಾರದೇ!” ಎಂದರು.